ನಾಲ್ಕು ಗಂಟೆ ನಲವತ್ತು ನಿಮಿಷ

ಗೋದಾವರಮ್ಮ ಶುಕ್ರವಾರ ಸಂಜೆಯಿಂದ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕಿರಲಿಲ್ಲ. ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ, ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮಿನ ಹಾಲಿನಲ್ಲಿ, ಗಂಡನ ದೇಹದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಆಕೆಯ ತಲೆ ಒಮ್ಮೆ ಎದೆಯ ಮೇಲೆ ಬಾಗಿತು, ಎದ್ದಿತು, ಮತ್ತೆ ಬಾಗಿತು. ಅರವತ್ತೆಂಟರ ವಯಸ್ಸು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಜ್ಯೂಸಿನ ಲೋಟ ಹಿಡಿದು ಹತ್ತಿರ ಹೋಗಿ ಹಾಗೇ ವಾಪಸಾಗಿದ್ದರು. "ಅವರನ್ನ ಕಳಿಸಿಕೊಡೋ ತನಕ ನಂಗೇನೂ ಬೇಡ" ಎಂಬುದೊಂದೇ ಆಕೆಯ ಮಾತು.

ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ನಿರುಪಮಾ. ಆ ಅಂತ್ಯಕ್ರಿಯೆಯ ಪೂರ್ತಿ ಹೊಣೆ ಅವಳದು. ಲೈಸೆನ್ಸ್ ಪಡೆದ ಫ್ಯೂನರಲ್ ಡೈರೆಕ್ಟರ್. ಚಿತ್ರದುರ್ಗದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದವಳು ಮದುವೆಯಾಗಿ ಡಾಲಸ್‌ಗೆ ಬಂದು, ಮೂವತ್ತಮೂರರಲ್ಲಿ ಮತ್ತೆ ಕಾಲೇಜು ಸೇರಿ ಈ ವಿದ್ಯೆ ಕಲಿತಿದ್ದಳು. ಈಗ ಅವಳಿಗೆ ನಲವತ್ಮೂರು. ತಲೆ ಯಾವ ದಿಕ್ಕಿಗಿರಬೇಕು, ಬಾಯಿಗೆ ಅಕ್ಕಿಕಾಳು ಹಾಕುವಾಗ ಯಾರು ಎಲ್ಲಿ ನಿಲ್ಲಬೇಕು, ಹೊಗೆ ಬಂದರೆ ಕೂಗುವ ಅಲಾರಮ್ಮಿನ ಕೆಳಗೆ ಕರ್ಪೂರ ಹೇಗೆ ಹಚ್ಚಬೇಕು, ಎಲ್ಲ ಅವಳಿಗೆ ಗೊತ್ತು. ಸುತ್ತಲಿನ ಕನ್ನಡಿಗರೆಲ್ಲರ ಫೋನಿನಲ್ಲೂ ಅವಳ ನಂಬರ್ ಇತ್ತು. ಗೃಹಪ್ರವೇಶಕ್ಕೋ ಸೀಮಂತಕ್ಕೋ ಕರೆಯಲು ಮಾತ್ರ ಜನ ಮರೆಯುತ್ತಿದ್ದರು. ಅದಕ್ಕೆ ಬೇಸರಪಡುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು.

ಗೋದಾವರಮ್ಮನ ಗಂಡ ಡಾಕ್ಟರ್ ರಾಜಗೋಪಾಲ ಹೋದದ್ದು ಆಗಸ್ಟಿನ ಆ ಶುಕ್ರವಾರ ಸಂಜೆ ಆರು ಇಪ್ಪತ್ತಕ್ಕೆ, ಮನೆಯಲ್ಲೇ. ಟೆಕ್ಸಸ್ ಕಾನೂನಿನ ಪ್ರಕಾರ ಸಾವಾಗಿ ನಲವತ್ತೆಂಟು ಗಂಟೆ ಕಳೆಯುವವರೆಗೆ ದೇಹವನ್ನು ಸುಡುವಂತಿಲ್ಲ. ಅದಕ್ಕೆ ಮುಂಚೆ ಸುಡಬೇಕಾದರೆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸಾವುಗಳನ್ನು ಪರಿಶೀಲಿಸುವ ಸರ್ಕಾರಿ ಡಾಕ್ಟರ್ ಮೆಡಿಕಲ್ ಎಕ್ಸಾಮಿನರ್ ಬರೆದು ಸಹಿ ಹಾಕಿದ ಅನುಮತಿ ಬೇಕು. ಶುಕ್ರವಾರವೇ ನಿರುಪಮಾ ಇದನ್ನು ಮಗ ಗಿರಿಧರ್‌ಗೆ ಬಿಡಿಸಿ ಹೇಳಿದ್ದಳು. ಶನಿವಾರ ಬೆಳಿಗ್ಗೆ ಅನುಮತಿಗೆ ಅರ್ಜಿಯನ್ನೂ ಕಳಿಸಿದ್ದಳು. ಸಿಕ್ಕೇ ಸಿಗುತ್ತದೆಂದು ನಂಬಿ ಗಿರಿಧರ್ ಭಾನುವಾರ ಹನ್ನೊಂದಕ್ಕೇ ಜನರನ್ನು ಕರೆದುಬಿಟ್ಟ. ಮಂತ್ರ, ಪ್ರದಕ್ಷಿಣೆ ಎಲ್ಲ ಮುಗಿದರೂ ಅನುಮತಿಯ ಕಾಗದ ಬರಲಿಲ್ಲ. ನೂರಿಪ್ಪತ್ತು ಜನ ಗಡಿಯಾರ ನೋಡುತ್ತ ಕೂತಿದ್ದರು.

"ಮೇಡಂ, ಅಮ್ಮನ್ನ ನೋಡಿ ಒಂದ್ಸಲ." ಗಿರಿಧರ್ ಬಂದು ಪಕ್ಕದಲ್ಲಿ ನಿಂತ. "ನಾಲ್ಕೂವರೆಗೆ ರಾಹುಕಾಲ ಬೇರೆ ಶುರುವಾಗತ್ತೆ. ಆರೂವರೆ ತನಕ ಹೀಗೇ ಕೂತ್ರೆ ಇವರನ್ನೂ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ. ನೀವು ನಮ್ಮೋರು ಅಂತ ತಾನೇ ನಿಮ್ಮ ಹತ್ರ ಬಂದಿದ್ದು?"

ನಿರುಪಮಾ ಒಳಗೆ ಹೋಗಿ ಕೌಂಟಿ ಕಚೇರಿಗೆ ಮೂರನೇ ಸಲ ಫೋನ್ ಮಾಡಿದಳು. ಗುಮಾಸ್ತೆ ಹೇಳಿದ್ದಿಷ್ಟೇ: "ಅರ್ಜಿ ಡಾಕ್ಟರ ಮೇಜಿನ ಮೇಲಿದೆ." ಅದರಲ್ಲಿ ಆಯಿತು ಎಂಬ ಮಾತೂ ಇರಲಿಲ್ಲ, ಇಲ್ಲ ಎಂಬುದೂ ಇರಲಿಲ್ಲ. ನಿರುಪಮಾ ಅದನ್ನು ಆಯಿತೆಂದೇ ಕೇಳಿಸಿಕೊಂಡಳು.

ಇನ್ನೊಂದು ಫೋನಿನ ನೆನಪೂ ಆಗ ಬಂತು. ಶನಿವಾರ ಮಧ್ಯಾಹ್ನ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದ್ದಳು: ಡಾಕ್ಟರ್ ರಾಜಗೋಪಾಲರನ್ನು ನೋಡಲು ಯಾವಾಗಿನ ತನಕ ಬರಬಹುದು, ಜನರೆಲ್ಲ ಹೋದ ಮೇಲೆ ಬಂದರೆ ನಡೆಯುತ್ತದೆಯೇ ಎಂದು. "ನಾಳೆ ಸಂಜೆ ಆರರವರೆಗೆ ಇಲ್ಲೇ ಇರ್ತಾರೆ, ಬನ್ನಿ" ಎಂದಿದ್ದಳು ನಿರುಪಮಾ. ಹೆಸರು ಕೇಳಿರಲಿಲ್ಲ. ಯಾರೋ ಹಳೆಯ ಪೇಷೆಂಟು ಇರಬೇಕು ಎಂದು ಈಗ ತನಗೆ ತಾನೇ ಹೇಳಿಕೊಂಡಳು. ಹಾಲಿನಲ್ಲಿ ಗೋದಾವರಮ್ಮನ ತಲೆ ಮತ್ತೆ ಬಾಗಿತ್ತು. ಯಾರೋ ಭುಜ ಹಿಡಿದು ಎತ್ತುತ್ತಿದ್ದರು.

ಹಿಂದಿನ ಕಟ್ಟಡದಲ್ಲಿ ಚಿತಾಗಾರ ನೋಡಿಕೊಳ್ಳುವವನು ರೂಬೆನ್, ಅರವತ್ತು ದಾಟಿದ ಮಿತಭಾಷಿ. "ಪೇಪರ್ ಬಂತಾ?" ಎಂದ.

"ಬರ್ತಾ ಇದೆ. ನಾನು ಮಾತಾಡಿದೀನಿ. ಶುರು ಮಾಡು."

ಆತ ಅವಳ ಮುಖವನ್ನು ಒಂದು ಕ್ಷಣ ನೋಡಿದ. ಎಂಟು ವರ್ಷದಲ್ಲಿ ಅವಳ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಒಂದು ಗಂಟೆ ನಲವತ್ತು ನಿಮಿಷಕ್ಕೆ ಗಿರಿಧರ್ ದಹನದ ಬಟನ್ ಒತ್ತಿದ. ಗೋದಾವರಮ್ಮ ಅರ್ಧ ಲೋಟ ಮಜ್ಜಿಗೆ ಕುಡಿದರು. ಹೊರಡುವಾಗ ಜನ ನಿರುಪಮಾಳಿಗೆ ಕೈಮುಗಿದು ಹೋದರು.

ಐದಕ್ಕೆ ಹತ್ತು ನಿಮಿಷವಿರುವಾಗ ಹೊರಬಾಗಿಲು ತೆರೆದು ಒಬ್ಬ ಹೆಂಗಸು ಒಳಗೆ ಬಂದಳು. ಸುಮಾರು ನಲವತ್ತು ವಯಸ್ಸು, ಉದ್ದ ದಾರಿ ಡ್ರೈವ್ ಮಾಡಿ ಮುದುಡಿದ ಬಟ್ಟೆ. ಖಾಲಿ ಹಾಲನ್ನು ನೋಡಿ ಅವಳ ಮುಖದಲ್ಲಿ ಮೊದಲು ನೆಮ್ಮದಿಯೇ ಕಂಡಿತು.

"ಡಾಕ್ಟರ್ ರಾಜಗೋಪಾಲ?"

"ಅದು ಆಗಿಹೋಯ್ತಮ್ಮ, ಮಧ್ಯಾಹ್ನನೇ" ಎಂದಳು ನಿರುಪಮಾ.

ಆಕೆ ಕೈಗಡಿಯಾರ ನೋಡಿದಳು, ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ, "ಆರರವರೆಗೆ ಇರ್ತಾರೆ ಅಂದ್ರಲ್ಲ" ಎಂದಳು.

ಶನಿವಾರ ಫೋನಿನಲ್ಲಿ ಕೇಳಿದ ಅದೇ ದನಿ. ನಾನೇ ಹೇಳಿದ್ದು ಎಂಬ ಮಾತು ನಿರುಪಮಾಳ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. "ನೀವು…?" ಎಂದಷ್ಟೇ ಕೇಳಿದಳು.

"ಮಗಳು" ಎಂದಳು ಸಂಹಿತಾ. ಅಪ್ಪನ ಜೊತೆ ಐದು ವರ್ಷದಿಂದ ಮಾತಿಲ್ಲದ, ಮನೆಯವರ್ಯಾರೂ ಇದ್ದಾಳೆಂದು ಹೇಳದ, ಸಾವಿನ ಸುದ್ದಿಯನ್ನು ಪರಿಚಯದವರಿಂದ ಕೇಳಿದ, ಹ್ಯೂಸ್ಟನ್‌ನಲ್ಲಿರುವ ಮಗಳು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಹಾಲಿನ ಕೊನೆಯ ಸಾಲಿನ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಎದ್ದು, ನಾಲ್ಕು ಗಂಟೆ ದಾರಿಯನ್ನು ಹಾಗೇ ಹಿಂದಕ್ಕೆ ಡ್ರೈವ್ ಮಾಡಿಕೊಂಡು ಹೋದಳು.

ಅಕ್ಟೋಬರಿನಲ್ಲಿ ರಿಜಿಸ್ಟರ್ಡ್ ಪತ್ರ ಬಂತು. ಫ್ಯೂನರಲ್ ಹೋಮುಗಳಿಗೂ ಅಲ್ಲಿ ಕೆಲಸ ಮಾಡುವವರಿಗೂ ಲೈಸೆನ್ಸ್ ಕೊಡುವ, ತಪ್ಪಿದರೆ ಶಿಕ್ಷೆ ವಿಧಿಸುವ ಮಂಡಳಿ ಆಸ್ಟಿನ್‌ನಲ್ಲಿದೆ. ಸಂಹಿತಾ ಅಲ್ಲಿಗೆ ದೂರು ಕೊಟ್ಟಿದ್ದಳು. ಒಂದೂವರೆ ಪುಟ. ಅದರಲ್ಲಿ ಎರಡು ಆರೋಪ: ಕಾನೂನು ಹೇಳಿದ ಹೊತ್ತಿಗಿಂತ ನಾಲ್ಕು ಗಂಟೆ ನಲವತ್ತು ನಿಮಿಷ ಮುಂಚೆ ದಹನ ಮಾಡಿದ್ದಾರೆ, ಆರರವರೆಗೆ ಇರುತ್ತಾರೆಂದು ಫೋನಿನಲ್ಲಿ ನನಗೆ ಹೇಳಿ ನಂಬಿಸಿದ್ದಾರೆ. ಹೇಳಿದವರು ಒಬ್ಬ ಮಹಿಳೆ, ಹೆಸರು ಕೇಳಲಿಲ್ಲ.

ನವೆಂಬರಿನಲ್ಲಿ ತನಿಖಾಧಿಕಾರಿ ಬಂದು ಕಡತ ತೆಗೆಸಿ ನೋಡಿದ. ಮೊದಲನೆಯ ಆರೋಪಕ್ಕೆ ಸಾಕ್ಷಿ ಕಾಗದದಲ್ಲೇ ಇತ್ತು. ಅನುಮತಿಗೆ ಸಹಿ ಬೀಳಲೇ ಇಲ್ಲ. ಎರಡನೆಯದಕ್ಕೆ ಏನೂ ಸಿಗಲಿಲ್ಲ. ಆಫೀಸಿನ ಫೋನ್ ಎತ್ತುವವರು ಮೂವರು ಹೆಂಗಸರು. ಯಾರು ಯಾವ ಕರೆ ತೆಗೆದುಕೊಂಡರೆಂದು ಬರೆದಿಡುವ ರೂಢಿ ಇರಲಿಲ್ಲ. ಉಳಿದಿಬ್ಬರೂ ನೆನಪಿಲ್ಲ ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. "ನಿಮಗೆ?" ಎಂದು ಆತ ಕೇಳಿದಾಗ ನಿರುಪಮಾ, "ವಕೀಲರನ್ನ ಕೇಳಿ ಉತ್ತರ ಕೊಡ್ತೀನಿ" ಎಂದಳು. ಆ ಉತ್ತರವನ್ನು ಅವಳು ಮೂರು ತಿಂಗಳು ಹೊತ್ತು ತಿರುಗಿದಳು.

ವಕೀಲೆ ಚುರುಕಿನವಳು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು: "ಮೊದಲನೇದನ್ನ ಒಪ್ಕೊಳ್ಳಿ. ಆಕೆಯ ತಾಯಿಯ ಆರೋಗ್ಯ, ಎಂಟು ವರ್ಷದ ಕ್ಲೀನ್ ರೆಕಾರ್ಡ್, ಇಷ್ಟು ಸಾಕು. ಎಚ್ಚರಿಕೆ ಕೊಟ್ಟು ಸಣ್ಣ ದಂಡ ಹಾಕಿ ಬಿಡ್ತಾರೆ. ಫೋನಿನ ವಿಷಯ ನಾವಾಗಿ ಎತ್ತೋದು ಬೇಡ. ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ. ಸುಮ್ಮನಿರಿ."

ಗಿರಿಧರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕನ್ನಡಿಗರ ನೂರಮೂವತ್ತು ಸಹಿಗಳಿರುವ ಪತ್ರ ತಂದುಕೊಟ್ಟ. ಅದರ ಜೊತೆಗೆ ತಾನೇ ಪ್ರಮಾಣ ಮಾಡಿದ ಒಂದು ಹೇಳಿಕೆ: ತಂಗಿಗೆ ಸಮಯ ಬದಲಾದದ್ದು ಗೊತ್ತಿತ್ತು, ಅಂಥ ಫೋನ್ ಕರೆ ಆಗಿಯೇ ಇಲ್ಲ, ಇದೆಲ್ಲ ಮನೆಯ ಮೇಲಿನ ಹಗೆ.

"ಇದನ್ನ ಯಾಕೆ ಬರೆದ್ರಿ?" ನಿರುಪಮಾ ಕೇಳಿದಳು.

"ನಿಮ್ಮನ್ನ ಉಳಿಸ್ಕೊಳ್ಳೋಕೆ. ಐದು ವರ್ಷ ತಿರುಗಿ ನೋಡದೋಳು ಈಗ ಬಂದು ಕಾನೂನು ಮಾತಾಡ್ತಾಳೆ."

ಅವಳು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮತ್ತೆ ಮತ್ತೆ ಓದಿದಳು. ಬೇಡ ಎನ್ನಲಿಲ್ಲ. ವಕೀಲೆ ಅದನ್ನು ಕಡತಕ್ಕೆ ಸೇರಿಸಿದಳು.

ಫೆಬ್ರವರಿಯ ಒಂದು ಗುರುವಾರ ಆಸ್ಟಿನ್‌ನಲ್ಲಿ ವಿಚಾರಣೆ. ಮುಂಜಾನೆಯೇ ಹೊರಟು ಗಂಡ ಪ್ರಶಾಂತ್ ಡ್ರೈವ್ ಮಾಡಿದ. ಊರು ಹತ್ತಿರವಾದಾಗ ಅವನು, "ಏನಾದ್ರೂ ಆಗ್ಲಿ, ಆ ಲೈಸೆನ್ಸ್‌ಗೋಸ್ಕರ ನೀನು ಎಷ್ಟು ಓದಿದೀಯ ಅನ್ನೋದು ನೆನಪಿಟ್ಕೋ" ಎಂದ. ಧೈರ್ಯ ಹೇಳಿದನೋ ಎಚ್ಚರಿಕೆ ಹೇಳಿದನೋ ಅವಳಿಗೆ ತಿಳಿಯಲಿಲ್ಲ.

ಕಿಟಕಿಯಿಲ್ಲದ ಕೋಣೆ, ಉದ್ದನೆಯ ಮೇಜು. ಆಚೆ ಬದಿಗೆ ಮಂಡಳಿಯ ಮೂವರು. ಈಚೆ ನಿರುಪಮಾ, ವಕೀಲೆ, ರೂಬೆನ್. ಹಿಂದಿನ ಕುರ್ಚಿಗಳಲ್ಲಿ ಗಿರಿಧರ್. ಅವನಿಂದ ಆರು ಕುರ್ಚಿ ದೂರದಲ್ಲಿ ಸಂಹಿತಾ. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಲಿಲ್ಲ.

ಮೊದಲ ಅರ್ಧ ಗಂಟೆ ವಕೀಲೆ ಹೇಳಿದಂತೆಯೇ ನಡೆಯಿತು. ನಡುವೆ ಕೂತಿದ್ದ ಬಿಳಿಗೂದಲಿನ ಅಧ್ಯಕ್ಷ ನಿಧಾನವಾಗಿ ಓದುವವನು. ಗಿರಿಧರ್‌ನ ಹೇಳಿಕೆಯನ್ನು ಕೈಗೆತ್ತಿಕೊಂಡು ಸಂಹಿತಾಳತ್ತ ತಿರುಗಿದ.

"ನೀವು ಕರೆ ಮಾಡಲೇ ಇಲ್ಲ ಅಂತಾರೆ ನಿಮ್ಮ ಅಣ್ಣ."

"ಮಾಡಿದ್ದೆ. ಆಸ್ಪತ್ರೆಯಲ್ಲಿ ನನ್ನ ಡ್ಯೂಟಿ ನಡುವೆ, ಅಲ್ಲಿನ ಫೋನಿಂದ. ನನ್ನ ಮೊಬೈಲ್‌ನಲ್ಲಿ ಅದರ ಗುರುತಿಲ್ಲ." ಅವಳ ದನಿ ಒಣಗಿತ್ತು. "ನನ್ನ ಹತ್ರ ಏನೂ ಸಾಕ್ಷಿ ಇಲ್ಲ. ನಾನು ಹೇಳ್ತಿರೋದು ಅಷ್ಟೇ."

ಅಧ್ಯಕ್ಷ ಹಾಳೆಯನ್ನು ಕೆಳಗಿಟ್ಟ. "ಆ ದಿನ ಆ ಕರೆಯನ್ನ ಯಾರು ತಗೊಂಡ್ರು?"

"ಸಂಸ್ಥೆಯಲ್ಲಿ ಅದರ ದಾಖಲೆ ಇಲ್ಲ" ಎಂದಳು ವಕೀಲೆ ತಕ್ಷಣ.

"ನಾನು ಅವರನ್ನ ಕೇಳ್ದೆ."

ವಕೀಲೆಯ ಕೈ ನಿರುಪಮಾಳ ಮೊಣಕೈಯನ್ನು ಮೆಲ್ಲಗೆ ಒತ್ತಿತು. ಬೆನ್ನ ಹಿಂದೆ ಗಿರಿಧರ್‌ನ ಕುರ್ಚಿ ಕಿರುಗುಟ್ಟಿತು. ನೆನಪಿಲ್ಲ ಎಂಬ ಒಂದು ಪದ ಸಾಕಾಗಿತ್ತು. ಅದನ್ನು ಯಾರಿಂದಲೂ ಸುಳ್ಳೆಂದು ತೋರಿಸಲು ಆಗುತ್ತಿರಲಿಲ್ಲ. ಆದರೆ ಆ ಪದ ಹೊರಬಿದ್ದ ಕ್ಷಣ, ಆರು ಕುರ್ಚಿ ಆಚೆ ಕೂತ ಆ ಹೆಂಗಸು ಅಪ್ಪನ ಸಾವಿನ ಬಗ್ಗೆ ಕತೆ ಕಟ್ಟಿದವಳೆಂದು ಸರ್ಕಾರಿ ಕಾಗದದಲ್ಲಿ ಉಳಿಯುತ್ತಾಳೆ.

"ನಾನೇ" ಎಂದಳು ನಿರುಪಮಾ. "ನಾನೇ ತಗೊಂಡಿದ್ದು. ಆರರವರೆಗೆ ಇರ್ತಾರೆ, ಬನ್ನಿ ಅಂತ ಹೇಳಿದ್ದು ನಾನೇ."

ವಕೀಲೆಯ ಕೈ ಮೊಣಕೈಯಿಂದ ಸರಿಯಿತು.

"ಭಾನುವಾರ ನೀವು ತೀರ್ಮಾನ ಮಾಡುವಾಗ ಆ ಕರೆ ನೆನಪಿತ್ತಾ?"

ಇದನ್ನು ಯಾರೂ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. "ಇತ್ತು" ಎಂದಳು. "ಯಾರೋ ಪರಿಚಯದವರು ಇರಬೇಕು ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋದು ನನಗೆ ಅನುಕೂಲವಾಗಿತ್ತು. ರೂಬೆನ್ ಪೇಪರ್ ಕೇಳಿದ. ಬರ್ತಾ ಇದೆ ಅಂದೆ. ಅವನು ನನ್ನ ಮಾತು ನಂಬಿದ, ಅಷ್ಟೇ ಅವನು ಮಾಡಿದ್ದು."

ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡುವಷ್ಟು ಧೈರ್ಯವಿರಲಿಲ್ಲ.

ಒಂದು ತಿಂಗಳ ಮೇಲೆ ಆದೇಶ ಬಂತು. ನಿರುಪಮಾಳ ಲೈಸೆನ್ಸ್ ಆರು ತಿಂಗಳು ಅಮಾನತು. ಅದಾದ ಮೇಲೆ ಒಂದೂವರೆ ವರ್ಷ ಮಂಡಳಿಯ ನಿಗಾ. ಕಾನೂನಿನ ಪರೀಕ್ಷೆಯನ್ನು ಮತ್ತೆ ಬರೆಯಬೇಕು. ಹೆಸರು, ತಪ್ಪು, ಶಿಕ್ಷೆ ಮೂರನ್ನೂ ಮಂಡಳಿಯ ವೆಬ್‌ಸೈಟಿನಲ್ಲಿ ಪ್ರಕಟಿಸಲಾಗುವುದು. ರೂಬೆನ್‌ಗೂ ಒಂದು ಎಚ್ಚರಿಕೆ ಪತ್ರ. ಅವಳು ಅವನ ಬಳಿ ಹೋಗಿ ಕ್ಷಮೆ ಕೇಳಿದಳು. "ಇನ್ಮೇಲೆ ಪೇಪರ್ ಕೈಗೆ ಕೊಟ್ಟು ಮಾತಾಡಿ" ಎಂದ. ಮೊದಲೆಲ್ಲ ತಾನು ತಂದ ಕಾಫಿಯನ್ನು ಅವಳಿಗೂ ಬಗ್ಗಿಸಿ ಕೊಡುತ್ತಿದ್ದವನು ಅಂದು ಕೊಡಲಿಲ್ಲ.

ಗಿರಿಧರ್ ವಿಚಾರಣೆಯ ದಿನ ಪಾರ್ಕಿಂಗ್ ಜಾಗದಲ್ಲೇ ಕೂಗಾಡಿದ್ದ. "ನಿಮ್ಮ ಪರವಾಗಿ ಬಂದವನನ್ನೇ ಸುಳ್ಳುಗಾರ ಮಾಡಿಬಿಟ್ರಲ್ಲ!" ಎಂದಿದ್ದ. ಸಹಿ ಹಾಕಿದ ನೂರಮೂವತ್ತು ಜನರಲ್ಲಿ ಹೆಚ್ಚಿನವರು ಆಮೇಲೆ ಅವಳ ಕಣ್ಣು ತಪ್ಪಿಸಿದರು.

ಏಪ್ರಿಲ್‌ನಲ್ಲಿ ಗೋದಾವರಮ್ಮ ಫೋನ್ ಮಾಡಿದರು. ಮಗ ಆಫೀಸಿಗೆ ಹೋದ ಹೊತ್ತು.

"ಅವಳು ಬಂದಿದ್ಲಂತೆ. ಹೌದೇನಮ್ಮ?"

"ಹೌದು ಆಂಟಿ. ಐದು ಗಂಟೆ ಹೊತ್ತಿಗೆ."

"ನಂಗ್ಯಾರೂ ಹೇಳ್ಲಿಲ್ಲ. ಅವಳು ಬರ್ತಾಳೆ ಅಂತ ಒಂದು ಮಾತು ಹೇಳಿದ್ರೆ ನಾನು ನೀರು ಕುಡೀತಿದ್ದೆ ಕಣಮ್ಮ. ಊಟಾನೂ ಮಾಡ್ತಿದ್ದೆ. ಕಾಯ್ತಿದ್ದೆ."

ಯಾರಿಗೋಸ್ಕರ ಅವಸರ ಮಾಡಿದ್ದಳೋ ಅವರನ್ನೇ ನಿರುಪಮಾ ಒಂದು ಮಾತು ಕೇಳಿರಲಿಲ್ಲ. ನೋಡಲು ಬರುತ್ತೇನೆಂದು ಒಬ್ಬ ಹೆಂಗಸು ಫೋನ್ ಮಾಡಿದ್ದರು, ಯಾರಿರಬಹುದು ಎಂದು ಆ ಕುರ್ಚಿಯ ಬಳಿ ಬಗ್ಗಿ ಕೇಳಲು ಅರ್ಧ ನಿಮಿಷ ಸಾಕಿತ್ತು.

ಜೂನ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜ್ ಬಂತು. ಕೇಸು ಮುಗಿದಿದೆಯಲ್ಲ, ಈಗ ನಾವು ಮಾತಾಡಬಹುದಾ? ಸಂಹಿತಾ.

ಮುಂದಿನ ಮಂಗಳವಾರ ನಿರುಪಮಾ ಹ್ಯೂಸ್ಟನ್‌ಗೆ ಹೋದಳು. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯರ ಬಡಾವಣೆಯಲ್ಲಿ, ಸೀರೆ ಅಂಗಡಿಗಳ ನಡುವಿನ ಒಂದು ಸಣ್ಣ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಸಂಹಿತಾ ಆಗಲೇ ಬಂದು ಗೋಡೆ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಚಹಾ ತರಿಸಿದಳು. ಮಾತಾಡಿದ್ದು ಕನ್ನಡದಲ್ಲಿ, ಚಿಕ್ಕವಳಿದ್ದಾಗ ಮನೆಯಲ್ಲಿ ಕಲಿತು ಅಲ್ಲಿಗೇ ನಿಂತುಹೋದ ಕನ್ನಡದಲ್ಲಿ.

"ನಾನು ಸಾರಿ ಹೇಳೋಕೆ ಕರೆದಿಲ್ಲ. ಕಂಪ್ಲೇಂಟ್ ಕೊಟ್ಟಿದ್ದು ಸರಿ ಇದೆ."

"ಸರಿನೇ ಇದೆ" ಎಂದಳು ನಿರುಪಮಾ.

"ನೀವು ನಿಜ ಹೇಳಿದ್ರಿ. ಅದಕ್ಕೆ ಥ್ಯಾಂಕ್ಸ್ ಹೇಳ್ಬೇಕು ಅಂತಾನೂ ಅನ್ಸಲ್ಲ. ಅದು ಮೊದಲ ದಿನಾನೇ ಹೇಳಬೇಕಿತ್ತು, ಬಾಗಿಲಲ್ಲೇ."

"ಹೌದು."

ಸಂಹಿತಾ ಲೋಟವನ್ನು ತಿರುಗಿಸುತ್ತ ಕೂತಳು. ಕೇಳಬೇಕಾದ್ದನ್ನು ಕನ್ನಡದಲ್ಲಿ ಹುಡುಕುತ್ತಿದ್ದಳೋ, ಕೇಳಲೇ ಬಾರದೆಂದು ತಡೆದುಕೊಂಡಿದ್ದಳೋ. ಕೊನೆಗೆ, "ಸ್ನಾನ ಮಾಡ್ಸಿದ್ದು ನೀವಾ?" ಎಂದಳು.

"ನಾನು ಮತ್ತೆ ನಿಮ್ಮಣ್ಣ. ನಿಮ್ಮಣ್ಣ ನೀರು ಹಾಕಿದ್ರು. ಆಮೇಲೆ ಅವರಿಗೆ ಆಗ್ಲಿಲ್ಲ, ಹೊರಗೆ ಹೋದ್ರು. ಉಳಿದದ್ದು ನಾನು ಮಾಡಿದೆ."

"ಹೇಗಿದ್ರು? ಸಮಾಧಾನ ಮಾಡೋಕೆ ಹೇಳ್ಬೇಡಿ. ಇದ್ದ ಹಾಗೆ ಹೇಳಿ."

ನಿರುಪಮಾ ಕಣ್ಣು ಮುಚ್ಚಿಕೊಳ್ಳಲಿಲ್ಲ. ಎದುರಿನವಳ ಮುಖ ನೋಡುತ್ತಲೇ ಹೇಳತೊಡಗಿದಳು. "ತುಂಬ ಸಣ್ಣ ಆಗಿದ್ರು. ಭುಜದ ಮೂಳೆ ಎದ್ದಿತ್ತು. ಮುಖ ಮಾತ್ರ ಅಷ್ಟು ಇಳಿದಿರ್ಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ನಾನು ಮುಚ್ಚಿದೆ. ಬಲಗೆನ್ನೆ ಕೆಳಗೆ ಇಲ್ಲಿ ಶೇವ್ ಮಾಡುವಾಗ ಕುಯ್ದುಕೊಂಡ ಗಾಯ, ಒಣಗಿ ಕಪ್ಪಾಗಿತ್ತು."

ಸಂಹಿತಾಳ ಬೆರಳು ತನ್ನದೇ ಬಲಗೆನ್ನೆಯ ಕೆಳಗೆ ಹೋಯಿತು. "ಯಾವಾಗ್ಲೂ ಅಲ್ಲೇ" ಎಂದಳು. "ಸರ್ಜನ್ ಆಗಿ ತನ್ನ ಗಲ್ಲ ಕುಯ್ಕೋತಾರೆ ಅಂತ ನಾನು ನಗ್ತಿದ್ದೆ." ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಮುರಿಯಿತು. ಹತ್ತು ತಿಂಗಳಿಂದ ಬಾರದ ಅಳು ಆ ಹೋಟೆಲಿನಲ್ಲಿ, ಪಕ್ಕದ ಮೇಜು ಒರೆಸುತ್ತಿದ್ದವಳು ತಿರುಗಿ ನೋಡುವಂತೆ ಬಂತು.

ನಿರುಪಮಾ ಮುಟ್ಟಲಿಲ್ಲ, ಏನೂ ಹೇಳಲಿಲ್ಲ. ತನ್ನ ಕೆಲಸದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದು: ಅಳುವವರ ಎದುರು ಸುಮ್ಮನೆ ಕೂರುವುದು.

ಬಹಳ ಹೊತ್ತಿನ ಮೇಲೆ ಸಂಹಿತಾ ಮೂಗೊರೆಸಿಕೊಂಡು, "ಅಮ್ಮ ಹೇಗಿದಾರೆ?" ಎಂದಳು.

"ಅದನ್ನ ನಾನು ಹೇಳಲ್ಲ. ನೀವು ಹೋಗಿ ನೋಡಿ. ಅಣ್ಣ ಆಫೀಸಲ್ಲಿರೋ ಹೊತ್ತಿಗೆ ಫೋನ್ ಮಾಡಿ, ಅಮ್ಮನೇ ಎತ್ತುತ್ತಾರೆ."

ಸಂಹಿತಾ ಇನ್ನೆರಡು ಚಹಾ ಹೇಳಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಕೈ?" ಎಂದು ಕೇಳಿದಳು. "ಅವರ ಕೈ ಹೇಗಿತ್ತು?"